ಸಹಾಯ ಬೇಕು: ತಾಂಜಾನಿಯಾದ ನೇಟ್ರಾನ್ ಸರೋವರಕ್ಕೆ ನವೆಂಬರ್‌ನಲ್ಲಿ ಹೋಗಿಬಂದವರು ಇದ್ದೀರಾ?

ಸ್ನೇಹಿತರೇ, ನಾವು ನಾಲ್ವರು ನೇಟ್ರಾನ್‌ಗೆ ಹೊರಟಿದ್ದೇವೆ. ನೋಡಬೇಕಿರುವುದು ಮುಖ್ಯವಾಗಿ ಲೆಸ್ಸರ್ ಫ್ಲೆಮಿಂಗೊ, ಸಿಕ್ಕರೆ ಚೆಸ್ಟ್‌ನಟ್‌ ಬ್ಯಾಂಡೆಡ್ ಪ್ಲವರ್ ಎಂಬ ಪುಟ್ಟ ದಡದ ಹಕ್ಕಿ. ಪೂರ್ವ ಆಫ್ರಿಕಾದ ಲೆಸ್ಸರ್ ಫ್ಲೆಮಿಂಗೊಗಳು ನಿಯಮಿತವಾಗಿ ಮರಿ ಮಾಡುವ ಜಾಗ ಇದೊಂದೇ. ಗೂಡುಗಳು ದಡದಿಂದ ಬಹುದೂರ, ಸೋಡಾ (ಕ್ಷಾರ ಲವಣ) ಕೆಸರಿನ ನಡುವೆ. ಅಲ್ಲಿಗೆ ಹೋಗುವ ಯೋಚನೆ ಖಂಡಿತ ಇಲ್ಲ, ಗಾಬರಿಯಾದರೆ ಹಕ್ಕಿಗಳು ಗೂಡನ್ನೇ ಬಿಟ್ಟುಹೋಗುತ್ತವೆ. ಡ್ರೋನ್ ಕೂಡ ಒಯ್ಯುತ್ತಿಲ್ಲ. ಎನ್ಗರೆ ಸೇರೊ ಹಳ್ಳಿಯ ಕಡೆಯ ದಕ್ಷಿಣ ದಡದಿಂದ, ಸ್ಥಳೀಯ ಮಸಾಯಿ ಗೈಡ್ ಜೊತೆ ನೋಡಿದರೆ ಸಾಕು.

ಮೊದಲ ಚಿಂತೆ ದಾರಿಯದು. ಅರುಷಾ ನಗರದಿಂದ ಮ್ಟೊ ವಾ ಮ್ಬು, ಎಂಗರುಕಾ ಊರುಗಳ ಮೂಲಕ ಹೋಗುವ ಮಣ್ಣಿನ ರಸ್ತೆಗೆ ಅಡ್ಡಲಾಗಿ ಒಣಹಳ್ಳಗಳಿವೆ. ನವೆಂಬರ್‌ನ ಅಲ್ಪಾವಧಿ ಮಳೆಗಾಲದಲ್ಲಿ ಅವು ದಿಢೀರನೆ ತುಂಬಿದರೆ ಗಾಡಿ ಎಷ್ಟು ಹೊತ್ತು ಕಾಯಬೇಕಾಗುತ್ತದೆ? ಫೋರ್ ವೀಲ್ ಡ್ರೈವ್‌ಗೆ ಎರಡು ಸ್ಟೆಪ್ನಿ ಕೇಳಿದ್ದೇವೆ. ದಾರಿಯ ಗೇಟುಗಳಲ್ಲಿ ಸ್ಥಳೀಯ ಆಡಳಿತದ ಶುಲ್ಕ ಕಟ್ಟಲು ಕಾರ್ಡ್ ನಡೆಯುತ್ತದೆಯೇ, ನಗದೇ ಬೇಕೇ?

ಇನ್ನು ಸ್ಕೋಪ್ (ಟ್ರೈಪಾಡ್ ಮೇಲಿಟ್ಟು ಹಕ್ಕಿ ನೋಡುವ ದೂರದರ್ಶಕ). ಬಿಸಿಲೇರಿದ ಮೇಲೆ ನೆಲದ ಕಾವಿಗೆ ಗಾಳಿ ನಡುಗಿ, 60 ಪಟ್ಟು ಜೂಮ್‌ನಲ್ಲಿ ಕೊಕ್ಕಿನ ಬಣ್ಣವೂ ತಿಳಿಯುವುದಿಲ್ಲ. ಹಾಗಾಗಿ ಸೂರ್ಯೋದಯಕ್ಕೇ ದಡದಲ್ಲಿರಬೇಕು. ಬಿಳಿ ಸೋಡಾ ಪದರ ಗಟ್ಟಿ ಕಂಡರೂ ಕಾಲಿಟ್ಟರೆ ಒಡೆದು, ಕೆಳಗಿನ ಕರಿ ಕೆಸರಿಗೆ ಇಳಿಸುತ್ತದೆ. ಆ ಕ್ಷಾರ ಚರ್ಮ ಉರಿಸುತ್ತದೆ, ಟ್ರೈಪಾಡ್ ಲಾಕ್‌ಗಳಲ್ಲಿ ಒಣಗಿ ಹಿಡಿದುಕೊಳ್ಳುತ್ತದೆ. ತೊಳೆಯಲು ಸಿಹಿನೀರು ಕ್ಯಾಂಪ್‌ನಲ್ಲಿ ಧಾರಾಳವಾಗಿ ಸಿಗುತ್ತದೆಯೇ, ಅರುಷಾದಿಂದಲೇ ಕ್ಯಾನ್ ತುಂಬಿಸಿಕೊಳ್ಳಬೇಕೇ?

ಈಚೆಗೆ ಹೋಗಿಬಂದವರು ನೀರಿನ ಮಟ್ಟ ಹೇಗಿತ್ತು, ಹಕ್ಕಿಗಳು ದಡದಿಂದ ಎಷ್ಟು ದೂರದಲ್ಲಿದ್ದವು ಎಂದು ತಿಂಗಳ ಸಮೇತ ತಿಳಿಸಿ, ದಯವಿಟ್ಟು.