ಮಾವನವರು ಕನ್ನಡ ಮರೆಯುತ್ತಿದ್ದಾರೆಯೇ?

ಪುತ್ತೂರಿನ ಸೊಸೆ:
ಮಾವನವರಿಗೆ 76. ಮನೆಮಾತು ತುಳು, ಕನ್ನಡ ಶಾಲೆಯಲ್ಲಿ ಕಲಿತದ್ದು. ಬೆಂಗಳೂರಿನ ಬ್ಯಾಂಕಿನಲ್ಲಿ ಕನ್ನಡದಲ್ಲೇ ವ್ಯವಹರಿಸಿದವರು. ಈಚೆಗೆ ನಾವು ಕೇಳುವುದೊಂದು, ಅವರ ಉತ್ತರ ಇನ್ನೊಂದು. "ಅಜ್ಜ, ಸೊಪ್ಪು ತರಲೇ?" ಎಂದು ಮಗ ಕೇಳಿದರೆ "ಉಪ್ಪು ಡಬ್ಬಿಯಲ್ಲಿದೆ" ಎನ್ನುತ್ತಾರೆ. ಊರಿನಿಂದ ತಂಗಿಯ ಫೋನ್ ಬಂದರೆ ಮಾತ್ರ ತುಳುವಿನಲ್ಲಿ ಅರ್ಧ ಗಂಟೆ ಹರಟೆ! ಕನ್ನಡದಲ್ಲಿ ನಡೆದ ನೆನಪಿನ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದಿದೆ. ಮರೆವಿನ ಕಾಯಿಲೆಯೇ?

ನಿವೃತ್ತ ಶ್ರವಣತಜ್ಞ, ಮೈಸೂರು:
ಮೊದಲು ಕಿವಿ ತೋರಿಸಿ, ತಾಯಿ. ವಯಸ್ಸಾದಂತೆ ಮೊದಲು ಮಸುಕಾಗುವುದು ಎತ್ತರದ ಸ್ಥಾಯಿಯ ಧ್ವನಿಗಳು. ಸ್ವರಗಳು ಕೇಳುತ್ತಿರುತ್ತವೆ, ಸ, ಶ, ತ, ಕ ಜಾರಿಹೋಗುತ್ತವೆ. ನಿಮ್ಮ ಸೊಪ್ಪು ಉಪ್ಪಾದದ್ದು ಹೀಗೆಯೇ ಇರಬೇಕು. ಬಿಟ್ಟುಹೋದದ್ದನ್ನು ಮಿದುಳು ಊಹಿಸಿ ತುಂಬಿಕೊಳ್ಳುತ್ತದೆ. ಬಾಲ್ಯದ ಭಾಷೆಯಲ್ಲಿ ಅದು ಸಲೀಸು. ಆಮೇಲೆ ಕಲಿತ ಭಾಷೆಯಲ್ಲಿ, ಅದೂ ಮಿಕ್ಸಿ, ಟಿವಿಗಳ ಗದ್ದಲದಲ್ಲಿ, ಕಷ್ಟ. ಹಾಗೆಂದು ಎಲ್ಲವನ್ನೂ ತುಳುವಿನ ಲೆಕ್ಕಕ್ಕೆ ಹಾಕಲಾರೆ. ಫೋನಿನಲ್ಲಿ ತಂಗಿಯ ಪರಿಚಿತ ಧ್ವನಿ, ಗೊತ್ತಿರುವ ಸುದ್ದಿ, ಸದ್ದು ನೇರ ಕಿವಿಯ ಬಳಿಯೇ.

ಗುಗ್ಗೆ ಕಟ್ಟಿದೆಯೇ ನೋಡಿಸಿ, ಆಡಿಯೋಗ್ರಾಂ (ಯಾವ ಧ್ವನಿ ಎಷ್ಟು ಕೇಳಿಸುತ್ತದೆ ಎಂದು ಅಳೆಯುವ ಪರೀಕ್ಷೆ) ಮಾಡಿಸಿ. ನೆನಪಿನ ಪರೀಕ್ಷೆ ಆಮೇಲೆ ಇನ್ನೊಮ್ಮೆ ಆಗಲಿ, ಸದ್ದಿಲ್ಲದ ಕೋಣೆಯಲ್ಲಿ, ಸಾಧ್ಯವಾದರೆ ತುಳುವಿನಲ್ಲಿ. ಪ್ರಶ್ನೆಯೇ ಕೇಳಿಸದವರಿಗೆ ಅಂಕ ಎಲ್ಲಿಂದ ಬರಬೇಕು? ಮಾತು ಹಠಾತ್ತನೆ ತೊದಲಿದರೆ ಅಥವಾ ಬಾಯಿ ಸೊಟ್ಟಗಾದರೆ ಮಾತ್ರ ಇದಾವುದಕ್ಕೂ ಕಾಯದೆ ಆಸ್ಪತ್ರೆಗೆ ಓಡಿ.

ಹಾಸನದ ಓದುಗ:
ಎರಡು ಭಾಷೆಯ ಗೊಂದಲವೇಕೆ? ತುಳು ಬಿಡಿಸಿ ಕನ್ನಡವನ್ನೇ ಆಡಿಸಿ.

ನಿವೃತ್ತ ಶ್ರವಣತಜ್ಞ, ಮೈಸೂರು:
ದಯವಿಟ್ಟು ಬೇಡ. ಹೈದರಾಬಾದಿನಲ್ಲಿ ಸುವರ್ಣಾ ಅಲ್ಲಾಡಿಯವರ ತಂಡ ಮರೆವಿನ ಕಾಯಿಲೆಯ 648 ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿತು. ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ತಲೆದೋರಿತ್ತು, ಓದುಬರಹ ಬಾರದವರಲ್ಲೂ ಈ ಅಂತರ ಕಂಡಿತ್ತು. ಇರುವ ಭಾಷೆಯನ್ನು ಕಿತ್ತುಕೊಳ್ಳುವುದು ಯಾವ ಚಿಕಿತ್ಸೆ?

ಕುಮಟಾದ ಮಗಳು:
ನಮ್ಮ ಅಮ್ಮನ ಮಾತು ಕೊಂಕಣಿ. ಶ್ರವಣ ಸಾಧನವನ್ನು ಮೊದಲ ದಿನವೇ ಮದುವೆ ಛತ್ರಕ್ಕೆ ಹಾಕಿಕೊಂಡು ಹೋಗಿ, ಪಾತ್ರೆಗಳ ಸದ್ದಿಗೆ ರೋಸಿ ಬೀರುವಿನೊಳಗೆ ಎಸೆದಿದ್ದರು. ಮನೆಯಲ್ಲಿ, ಸಂಜೆ ಒಂದಷ್ಟು ಹೊತ್ತು ಹಾಕಿ ಅಭ್ಯಾಸ ಮಾಡಿಸಿದ ಮೇಲೆ ಒಗ್ಗಿತು. ಅಕ್ಕ, ಕಿರುಚಬೇಡಿ, ಎದುರು ಕುಳಿತು ನಿಧಾನವಾಗಿ ಮಾತನಾಡಿ.

ಪುತ್ತೂರಿನ ಸೊಸೆ:
ಸೋಮವಾರ ಕಿವಿ ಪರೀಕ್ಷೆಗೆ ಹೋಗುತ್ತಿದ್ದೇವೆ. ಅಲ್ಲಿ ತುಳು ಬಲ್ಲವರಿಲ್ಲವಂತೆ. ಕೇಳಿದ ಪದವನ್ನು ತಿರುಗಿ ಹೇಳಿಸುವ ಪರೀಕ್ಷೆಯಲ್ಲಿ ಅತ್ತೆಯವರೇ ತುಳು ಪದಗಳನ್ನು ಹೇಳಬಹುದೇ?

ನಿವೃತ್ತ ಶ್ರವಣತಜ್ಞ, ಮೈಸೂರು:
ತಜ್ಞರು ಒಪ್ಪಿದರೆ ಹೇಳಲಿ. ಆದರೆ ತುಟಿ ಕಾಣದಂತೆ ಹಿಂದೆ ನಿಂತು ಹೇಳಬೇಕು. ಗಂಡನ ಮೇಲಿನ ಕರುಣೆಯಿಂದ ಎರಡೆರಡು ಸಲ ಹೇಳುವಂತಿಲ್ಲ!