ತಲೆ ಮೇಲೆ ಸ್ಕೈವಾಕ್, ದಾಟುವುದು ಕೆಳಗೆ

ದೊಡ್ಡಪ್ಪ: (ವಿಡಿಯೊ) ಫಾರ್ವರ್ಡ್ ಆಗಿ ಬಂತು, ಎಲ್ಲರೂ ನೋಡಿ. ರಸ್ತೆ ದಾಟಲು ತಲೆ ಮೇಲೆ ಸ್ಕೈವಾಕ್ ಇದೆ, ಆದರೂ ಜನ ಡಿವೈಡರ್ ಹಾರುತ್ತಾರೆ. ಇಂಥವರಿಗೆ ನಿಂತ ಜಾಗದಲ್ಲೇ ದಂಡ ಹಾಕಬೇಕು.

ಅಣ್ಣ: ದಂಡ ಹಾಕಿದರೂ ಬುದ್ಧಿ ಬರಲ್ಲ ಬಿಡಿ ದೊಡ್ಡಪ್ಪ.

ನಾನು: ಇನ್ನೊಂದು ಸಲ ನೋಡಿ ದೊಡ್ಡಪ್ಪ. ಬಸ್ ಸ್ಟಾಪ್ ಸರಿಯಾಗಿ ಎದುರಿಗೇ ಇದೆ. ಸ್ಕೈವಾಕ್ ಮೆಟ್ಟಿಲು ಶುರುವಾಗುವುದು ಎಲ್ಲೋ ಆ ತುದಿಯಲ್ಲಿ. ಆ ಹೆಂಗಸನ್ನು ಗಮನಿಸಿ. ಮೊದಲು ಚೀಲವನ್ನು ಡಿವೈಡರ್ ಮೇಲೆ ಇಡುತ್ತಾರೆ. ಆಮೇಲೆ ಮೊಣಕಾಲು ಹಿಡಿದುಕೊಂಡು ಒಂದು ಕಾಲು ಎತ್ತುತ್ತಾರೆ. ಇದನ್ನು ಹಾರುವುದು ಅಂತಾರಾ?

ದೊಡ್ಡಪ್ಪ: ಅಷ್ಟು ಕಷ್ಟಪಟ್ಟು ಡಿವೈಡರ್ ಹತ್ತುವವರು ಮೆಟ್ಟಿಲು ಹತ್ತಬಹುದಿತ್ತು.

ನಾನು: ಲೆಕ್ಕ ಹಾಕೋಣ. ಕೆಳಗೆ ದೊಡ್ಡ ಲಾರಿ ಹೋಗಬೇಕು ಅಂದರೆ ಸುಮಾರು 5.5 ಮೀಟರ್ ಬಿಟ್ಟು ಕಟ್ಟಬೇಕು. ಒಂದು ಮೆಟ್ಟಿಲು 15 ಸೆಂ.ಮೀ. ಅಂದುಕೊಂಡರೂ 35ಕ್ಕಿಂತ ಜಾಸ್ತಿ ಮೆಟ್ಟಿಲು. ಹತ್ತಿ, ಮತ್ತೆ ಅಷ್ಟೇ ಇಳಿಯಬೇಕು. ಇಂಜಿನ್ ಇದ್ದವರಿಗೆ ಸಪಾಟು ರಸ್ತೆ, ಬರೀ ಕಾಲಿದ್ದವರಿಗೆ ಮೆಟ್ಟಿಲು. ಸ್ಕೈವಾಕ್ ಕಟ್ಟುವುದು ಗಾಡಿ ನಿಲ್ಲದೆ ಹೋಗಲಿ ಅಂತ, ನಡೆಯುವವರ ಮೇಲಿನ ಪ್ರೀತಿಗಲ್ಲ.

ಅಣ್ಣ: ಲಿಫ್ಟ್ ಹಾಕಿದರೆ ಮುಗೀತಪ್ಪ.

ಚಿಕ್ಕಮ್ಮ: ಅದು ಕೆಟ್ಟಾಗ? ಭಾವಾ, ಕತ್ತಲಾದ ಮೇಲೆ ನಾನಂತೂ ಸ್ಕೈವಾಕ್ ಹತ್ತಲ್ಲ. ಎರಡೂ ಕಡೆ ಜಾಹೀರಾತು ಬೋರ್ಡ್ ಹಾಕಿ ಮುಚ್ಚಿಬಿಟ್ಟಿರುತ್ತಾರೆ. ಮೇಲೆ ಯಾರಿದ್ದಾರೆ ಅಂತ ಕೆಳಗಿನವರಿಗೆ ಕಾಣಲ್ಲ. ಕೂಗಿದರೂ ಹಾರ್ನ್ ಸದ್ದಿನಲ್ಲಿ ಯಾರಿಗೆ ಕೇಳುತ್ತೆ?

ದೊಡ್ಡಪ್ಪ: ಅದು ಸರಿಯಮ್ಮ. ಆದರೆ ಗಾಡಿ ಓಡಿಸುವವನ ಗತಿ ಏನು? ಯಾರಾದರೂ ಇದ್ದಕ್ಕಿದ್ದ ಹಾಗೆ ಅಡ್ಡ ಬಂದರೆ ಎದೆ ಧಸಕ್ ಅನ್ನುತ್ತೆ.

ನಾನು: ನಿಜ. ಅದಕ್ಕೇ ವೇಗ ಇಳಿಸಬೇಕು ಅನ್ನುವುದು. ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋಗುವ ಕಾರು ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಓಡುತ್ತೆ. ಕಣ್ಣಿಗೆ ಬಿದ್ದು, ಕಾಲು ಬ್ರೇಕ್ ಮುಟ್ಟುವಷ್ಟರಲ್ಲಿ ಅಷ್ಟು ದೂರ ಮುಗಿದಿರುತ್ತೆ. ಒಣ ರಸ್ತೆಯಲ್ಲಿ 30ರಲ್ಲಿ ಬಂದ ಕಾರು ಹೆಚ್ಚುಕಮ್ಮಿ ಅಷ್ಟರೊಳಗೆ ನಿಂತೇ ಹೋಗಿರುತ್ತೆ. ಫಿನ್ಲೆಂಡ್ ರಾಜಧಾನಿ ಹೆಲ್ಸಿಂಕಿಯಲ್ಲಿ ಎಷ್ಟೋ ಬೀದಿಗಳಿಗೆ 30ರ ಮಿತಿ ಇದೆ. 2019ರಲ್ಲಿ ಅಲ್ಲಿ ರಸ್ತೆ ಅಪಘಾತದಲ್ಲಿ ಒಬ್ಬ ಪಾದಚಾರಿಯೂ ಸಾಯಲಿಲ್ಲ. ಅದೇ ವರ್ಷ ನಾರ್ವೆ ರಾಜಧಾನಿ ಆಸ್ಲೋದಲ್ಲೂ ಹಾಗೇ.

ಅಣ್ಣ: ಅವೆಲ್ಲ ಸಣ್ಣ ಊರು. ದೊಡ್ಡ ಸಿಟಿಗೆ ಆಗಲ್ಲ.

ನಾನು: ಎರಡರಲ್ಲೂ ಆರು ಲಕ್ಷಕ್ಕಿಂತ ಜಾಸ್ತಿ ಜನ. ಅದಿರಲಿ, ಊರು ದೊಡ್ಡದಾದರೆ ಬ್ರೇಕ್ ಬೇಗ ಹಿಡಿಯುತ್ತಾ?

ಅಜ್ಜಿ: ನನಗೆ ಸಿಗ್ನಲ್ ಇದ್ದರೆ ಸಾಕು ಪುಟ್ಟಿ. ಆದರೆ ಅರ್ಧ ರಸ್ತೆಗೆ ಬರುವಷ್ಟರಲ್ಲಿ ಆ ಹಸಿರು ಮನುಷ್ಯ ಮಿಣಮಿಣ ಅನ್ನುತ್ತಾನೆ. ಹಿಂದೆ ಹೋಗಲೋ ಮುಂದೆ ಹೋಗಲೋ ಗೊತ್ತಾಗಲ್ಲ.

ನಾನು: ಮುಂದೆಯೇ ಹೋಗಿ ಅಜ್ಜಿ, ಓಡಬೇಡಿ. ಸಿಗ್ನಲ್ ಲೆಕ್ಕದಲ್ಲಿ ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾರೆ ಅಂತ ಹಿಡಿಯುವ ರೂಢಿ ಇದೆ. 20 ಮೀಟರ್ ರಸ್ತೆಗೆ 17 ಸೆಕೆಂಡ್. ನಿಮ್ಮ ನಡಿಗೆ 0.8 ಇದ್ದರೆ 25 ಸೆಕೆಂಡ್ ಬೇಕು. ಆ ಎಂಟು ಸೆಕೆಂಡ್ ಕೊಡಬೇಕು, ಇಲ್ಲ ಮಧ್ಯದಲ್ಲಿ ನಿಲ್ಲಲು ಅಗಲವಾದ ಕಟ್ಟೆಯಾದರೂ ಕಟ್ಟಬೇಕು.

ದೊಡ್ಡಪ್ಪ: ಹಾಗಾದರೆ ಹೆದ್ದಾರಿಯಲ್ಲೂ ಸ್ಕೈವಾಕ್ ಬೇಡವೋ?

ನಾನು: ಅಲ್ಲಿ ಬೇಕೇ ಬೇಕು. ಗಾಡಿಗಳು 80, 100ರಲ್ಲಿ ಬರುವ ಕಡೆ ಕೆಳಗೆ ದಾಟಿ ಅಂತ ಯಾರೂ ಹೇಳಲ್ಲ. ನನ್ನ ಜಗಳ ಊರೊಳಗಿನ ರಸ್ತೆಗೆ ಮಾತ್ರ.

ದೊಡ್ಡಪ್ಪ: ಊರೊಳಗೆ 30 ಅಂದರೆ ನಾನು ಆಫೀಸಿಗೆ ತಲುಪಿದ ಹಾಗೇ.

ಚಿಕ್ಕಮ್ಮ: ಬೆಳಿಗ್ಗೆ ಹೊತ್ತು ನಿಮ್ಮ ಕಾರು ಈಗ ಎಷ್ಟರಲ್ಲಿ ಹೋಗುತ್ತೆ ಭಾವಾ? ಮ್ಯಾಪ್‌ನಲ್ಲಿ ದೂರ, ಟೈಮ್ ಎರಡೂ ಇರುತ್ತೆ. ಭಾಗಿಸಿ ನೋಡಿ.

ದೊಡ್ಡಪ್ಪ: ನಾಳೆ ನೋಡಿ ಹೇಳುತ್ತೇನೆ. ಆದರೆ ಮೊಬೈಲ್ ನೋಡಿಕೊಂಡು ರಸ್ತೆ ದಾಟುವವರ ಪರ ಮಾತ್ರ ವಾದ ಮಾಡಬೇಡ.

ನಾನು: ಅವರ ವಿಡಿಯೊ ಬಂದರೆ ಕಳಿಸಿ, ನಾನೂ ಬಯ್ಯುತ್ತೇನೆ. ಮೊಬೈಲ್ ನೋಡಿಕೊಂಡು ಕಾರು ಓಡಿಸುವವರದ್ದೂ ಇದ್ದರೆ ಜೊತೆಗೇ ಹಾಕಿ.

ಅಣ್ಣ: ನನ್ನ ಕಡೆ ಯಾಕೆ ನೋಡ್ತೀರಿ ಎಲ್ಲರೂ?