ಭಟ್ಟರ ದೋಸೆಯ ಪಾಸ್‌ಪೋರ್ಟ್

"ಇದೆಲ್ಲ ನಮ್ಮದಲ್ಲ ಶೀನಣ್ಣ, ಆಮದು ಮಾಲು!" ಎಂದು ಭಟ್ಟರು ಮೊಬೈಲನ್ನು ಮೇಜಿನ ಮೇಲೆ ಕುಕ್ಕಿದರು. ಚಟ್ನಿಯ ಬಟ್ಟಲು ಬೆಚ್ಚಿಬಿತ್ತು.

ಮುಂಬಯಿಯ ಮಾಟುಂಗಾದ ಹೋಟೆಲಿನಲ್ಲಿ ಭಾನುವಾರ ಬೆಳಿಗ್ಗೆ ನಮ್ಮ ಮೇಜಿಗೆ ಮೊದಲು ಬರುವ ತಿಂಡಿ ಭಟ್ಟರ ವಾಟ್ಸ್‌ಆಪ್. ಅಂದಿನದು ಸಲಿಂಗ ಪ್ರೇಮ, ಲಿಂಗ ಬದಲಾವಣೆ ಇತ್ಯಾದಿ ಪಶ್ಚಿಮದ ಪಿಡುಗುಗಳ ಕುರಿತದ್ದು. ಹನ್ನೊಂದು ಜನರಿಗೆ ಕಳಿಸಿದರೆ ಸಂಸ್ಕೃತಿ ಉಳಿಯುತ್ತದಂತೆ. ಹತ್ತಕ್ಕೇ ನಿಲ್ಲಿಸಿದವರ ಗತಿಯೇನೆಂದು ಬರೆದಿರಲಿಲ್ಲ.

"ಭಟ್ಟರು ಹೇಳುವುದು ಸರಿ" ಎಂದರು ಇಗರ್ಜಿಗೆ ಹೋಗುವ ನಮ್ಮ ಪೊರ್ಬುಗಳು.

"ನೂರಕ್ಕೆ ನೂರು" ಎಂದರು ಸಾಹೇಬರು.

ಶೀನಣ್ಣ ಕಾಫಿಯ ಲೋಟವನ್ನು ಕೆಳಗಿಟ್ಟ. ಹದಿನೈದು ವರ್ಷಗಳಿಂದ ಈ ಮೂವರು ತಲೆಯ ಮೇಲಿನ ಫ್ಯಾನು ಎಷ್ಟು ಜೋರಾಗಿ ತಿರುಗಬೇಕೆಂಬುದರಲ್ಲೂ ಒಮ್ಮತಕ್ಕೆ ಬಂದವರಲ್ಲ.

"ಸರ್ವಧರ್ಮ ಸಮನ್ವಯ ಎಂದರೆ ಇದೇ. ಸಲಿಂಗ ಪ್ರೇಮವನ್ನು ಅಪರಾಧ ಎನ್ನುತ್ತಿದ್ದ 377ನೇ ಕಲಮಿನ ಹಲ್ಲನ್ನು ದೆಹಲಿ ಹೈಕೋರ್ಟು 2009ರಲ್ಲಿ ಕಿತ್ತಾಗಲೂ ಹೀಗೆಯೇ ಆಗಿತ್ತು. ಸುಪ್ರೀಂ ಕೋರ್ಟಿಗೆ ಓಡಿದವರಲ್ಲಿ ದೆಹಲಿಯ ಒಬ್ಬ ಜ್ಯೋತಿಷಿ ಇದ್ದರು, ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿ ಇತ್ತು, ಚರ್ಚುಗಳ ಒಕ್ಕೂಟವೂ ಇತ್ತು. ಗಾಂಧೀಜಿ ಉಪವಾಸ ಕುಳಿತರೂ ಒಂದಾಗದವರನ್ನು ಒಂದು ಕಲಮು ಒಂದು ಮಾಡಿತು."

"2013ರಲ್ಲಿ ಗೆದ್ದೆವಲ್ಲ!" ಎಂದರು ಭಟ್ಟರು, ವಕಾಲತ್ತಿಗೆ ತಾವೇ ಸಹಿ ಹಾಕಿದವರಂತೆ.

"2018ರ ಸೆಪ್ಟೆಂಬರಿನಲ್ಲಿ ಸೋತಿರಲ್ಲ."

"ಮದುವೆಯ ವಿಷಯದಲ್ಲಿ? 2023ರಲ್ಲಿ ಐವರು ನ್ಯಾಯಮೂರ್ತಿಗಳು ಕೂತು ಆಗುವುದಿಲ್ಲ ಎಂದರು."

"ಅದನ್ನು ಸಂಸತ್ತು ನೋಡಿಕೊಳ್ಳಲಿ ಎಂದರು. ನಿಮ್ಮ ಸೊಸೈಟಿಯ ನಲ್ಲಿ ರಿಪೇರಿಯನ್ನೂ ಮುಂದಿನ ಸಭೆ ನೋಡಿಕೊಳ್ಳಲಿ ಎಂದಿದ್ದಾರೆ. ಹಾಗೆಂದು ನೀರು ಬೇಡ ಎಂದು ಅರ್ಥವೇ?"

ನಲ್ಲಿಯ ಮಾತು ಬಂದದ್ದೇ ತಡ, ಹತ್ತು ನಿಮಿಷ ಸೊಸೈಟಿಯ ಕಾರ್ಯದರ್ಶಿಯನ್ನು ಬೈಯುವುದರಲ್ಲಿ ಹೋಯಿತು. ಅಷ್ಟರಲ್ಲಿ ಭಟ್ಟರ ಮಸಾಲೆ ದೋಸೆ ಬಂತು. ಅವರು ಕೈಯಿಡುವ ಮೊದಲೇ ಶೀನಣ್ಣ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡ.

"ಆಮದು ಮಾಲು ಬೇಡ ಎಂದಿರಲ್ಲ, ಪಾಸ್‌ಪೋರ್ಟ್ ನೋಡಿಬಿಡೋಣ." ದೋಸೆಯ ಹೊಟ್ಟೆ ಬಿಡಿಸಿ ಪಲ್ಯವನ್ನು ಚಮಚದಿಂದ ಕೆದಕಿ ತೆಗೆದ. "ಆಲೂಗಡ್ಡೆ. ಪೋರ್ಚುಗೀಸರು ತಂದದ್ದು. ಈ ಊರಿನವರು ಕರೆಯುವ ಬಟಾಟಾ ಎಂಬ ಹೆಸರೂ ಅವರದೇ. ಪೊರ್ಬುಗಳೇ, ನಿಮ್ಮ ಕಡೆಗೆ." ಕೆಂಪು ಚಟ್ನಿಯನ್ನು ಕೆರೆದ. "ಮೆಣಸಿನಕಾಯಿ. ಅದೂ ಅದೇ ಹಡಗಿನದು. ಕಾಫಿಯ ಬೀಜವನ್ನು ಬಾಬಾ ಬುಡನ್ ಯೆಮೆನ್‌ನಿಂದ ತಂದರು ಎನ್ನುತ್ತಾರೆ. ಸಾಹೇಬರೇ, ಲೋಟ ನಿಮಗೆ."

ಭಟ್ಟರ ಮುಂದೆ ಹೊಟ್ಟೆ ಬರಿದಾದ ದೋಸೆ ಉಳಿಯಿತು.

"ಇನ್ನು ಆ ಕಲಮಿನ ಪಾಸ್‌ಪೋರ್ಟ್. 1860ರ ದಂಡ ಸಂಹಿತೆ, ಮೆಕಾಲೆಯ ಕಾಲದ ಕರಡು. ಅದರ ಮುತ್ತಜ್ಜ ಎಂಟನೆಯ ಹೆನ್ರಿ ರಾಜನ 1533ರ ಕಾನೂನು. ಆರು ಮದುವೆಯಾಗಿ ಇಬ್ಬರು ಹೆಂಡತಿಯರ ತಲೆ ಕಡಿಸಿದ ಮಹಾಶಯನ ದಾಂಪತ್ಯ ನೀತಿಯನ್ನು ನೀವು ಮಡಿಯಲ್ಲಿ ಕಾಪಾಡುತ್ತಿದ್ದೀರಿ ಭಟ್ಟರೇ! ಸಲಿಂಗ ಪ್ರೇಮಿಗಳು ಇಲ್ಲಿಯವರೇ. ಆಮದಾದದ್ದು ಶಿಕ್ಷೆ."

ಪೊರ್ಬುಗಳು ಪಲ್ಯ ತಿನ್ನುತ್ತ ನಕ್ಕರು. ನಗಬಾರದಿತ್ತು.

"ನಿಮ್ಮ ಪೋಪ್ ಫ್ರಾನ್ಸಿಸ್ 2023ರ ಡಿಸೆಂಬರಿನಲ್ಲಿ ಇಂಥ ಜೋಡಿಗಳನ್ನು ಪಾದ್ರಿಗಳು ಆಶೀರ್ವದಿಸಬಹುದು ಎಂದರಲ್ಲ?"

"ಅದು ಆಶೀರ್ವಾದ ಶೀನಣ್ಣ, ಮದುವೆಯಲ್ಲ."

"ಸಾಹೇಬರೇ, ಇರಾನಿನಲ್ಲಿ ಸಲಿಂಗ ಪ್ರೇಮಕ್ಕೆ ನೇಣು. ಲಿಂಗ ಬದಲಾವಣೆಯ ಶಸ್ತ್ರಚಿಕಿತ್ಸೆಗೆ ಮಾತ್ರ ಖೊಮೇನಿಯವರ ಫತ್ವಾದ ಒಪ್ಪಿಗೆ ಉಂಟು."

"ಅವರು ಶಿಯಾ, ನಾವು ಸುನ್ನಿ" ಎಂದು ಸಾಹೇಬರು ಭಟ್ಟರ ಕಾಫಿಯನ್ನು ಒಂದೇ ಗುಟುಕಿಗೆ ಮುಗಿಸಿದರು. ಸಮನ್ವಯ ಅಲ್ಲಿಗೆ ಮುಗಿಯಿತು.

ಭಟ್ಟರು ಒಂಟಿಯಾದರೂ ಬಿಡಲಿಲ್ಲ. "ನಮ್ಮ ಪುರಾಣಗಳಲ್ಲಿ ಇಂಥದ್ದು ಇರಲಿಲ್ಲ."

ಶೀನಣ್ಣ ಇಷ್ಟು ಹೊತ್ತೂ ಕಾಯುತ್ತಿದ್ದುದು ಈ ಮಾತಿಗೇ. "ಮೊನ್ನೆ ಮೊಮ್ಮಕ್ಕಳನ್ನು ದೋಣಿ ಹತ್ತಿಸಿ ಎಲಿಫೆಂಟಾಕ್ಕೆ ಕರೆದೊಯ್ದು ತೋರಿಸಿದ್ದು ಯಾರನ್ನು?"

"ಅರ್ಧನಾರೀಶ್ವರ. ಅದು ತತ್ತ್ವ."

"ಶಿವ ಆದರೆ ತತ್ತ್ವ, ಎದುರು ಮನೆಯ ಹುಡುಗ ಆದರೆ ರೋಗ. ಇರಲಿ. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವ ಮಂಜಮ್ಮ ಜೋಗತಿಯವರು 2021ರಲ್ಲಿ ಪದ್ಮಶ್ರೀ ತೆಗೆದುಕೊಳ್ಳುವಾಗ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದರಲ್ಲ, ಆ ವಿಡಿಯೋಗೆ 'ಇದು ನಮ್ಮ ಸಂಸ್ಕೃತಿ' ಎಂದು ಬರೆದು ನನಗೆ ಮೂರು ಸಲ ಕಳಿಸಿದವರು ಯಾರು?"

ಭಟ್ಟರು ಮೊಬೈಲನ್ನು ಮಗುಚಿಟ್ಟರು.

"ಮಳೆಗಾಲದಲ್ಲಿ ಯಕ್ಷಗಾನ ಮೇಳ ಮುಂಬಯಿಗೆ ಬಂದರೆ ಮೊದಲ ಸಾಲಿನಲ್ಲಿ ಕುಳಿತು ಮೋಹಿನಿಗೆ ಐನೂರು ರೂಪಾಯಿ ಕೊಡುವವರು ನೀವು. ಬೆಳಗಿನ ಜಾವ ಬಣ್ಣ ತೊಳೆದುಕೊಂಡರೆ ಕಲೆ. ತೊಳೆದರೂ ಹೋಗದ ಬಣ್ಣವಾದರೆ ಸಂಸ್ಕೃತಿಗೆ ಅಪಾಯ."

"ಮೋಹಿನಿಯ ವಿಷಯ ತೆಗೆಯಬೇಡ ಶೀನ" ಎಂದರು ಭಟ್ಟರು. 'ಅಣ್ಣ' ಬಿಟ್ಟುಹೋಗಿತ್ತು.

ಶೀನಣ್ಣನೂ ಸುಮ್ಮನಾದ. ಅವರಿಬ್ಬರೂ ಊರಿನಿಂದ ಒಂದೇ ಬಸ್ಸಿನಲ್ಲಿ ಬಂದವರು. ಹಗಲೆಲ್ಲ ಫೋರ್ಟಿನ ಹೋಟೆಲಿನಲ್ಲಿ ಲೋಟ ತೊಳೆದು ಸಂಜೆ ಕನ್ನಡದ ರಾತ್ರಿ ಶಾಲೆಗೆ ಓಡುತ್ತಿದ್ದರು. 1972ರ ಶಾಲಾ ವಾರ್ಷಿಕೋತ್ಸವದಲ್ಲಿ ಭಸ್ಮಾಸುರ ಮೋಹಿನಿ ಆಡಿದ್ದರಂತೆ. ಭಸ್ಮಾಸುರ ನಮ್ಮ ಭಟ್ಟರು. ಮೋಹಿನಿ ಅದೇ ಹೋಟೆಲಿನ ಸದಿಯ, ದೋಸೆ ಹಿಟ್ಟು ರುಬ್ಬುವವನು. ಆ ರಾತ್ರಿ ಅವನು ಕುಣಿದದ್ದನ್ನು ನೋಡಿ ಹೋಟೆಲಿನ ಧಣಿ ಎದ್ದು ನಿಂತು ಸೀಟಿ ಹೊಡೆದಿದ್ದರೆಂದು ಶೀನಣ್ಣ ನೂರು ಸಲ ಹೇಳಿದ್ದಾನೆ. ಮುಂದಿನದನ್ನು ಮಾತ್ರ ಯಾವತ್ತೂ ಹೇಳಿರಲಿಲ್ಲ. ಅಂದು ಹೇಳಿದ, ಮೇಜು ನೋಡುತ್ತ. ನಾಟಕ ಮುಗಿದರೂ ಸದಿಯ ಸೀರೆಯನ್ನು ಹಿಂದಿರುಗಿಸಲಿಲ್ಲ. ಹಾಸಿಗೆಯ ಕೆಳಗೆ ಮಡಿಸಿ ಇಟ್ಟುಕೊಂಡಿದ್ದ. ಎಲ್ಲರೂ ಮಲಗಿದ ಮೇಲೆ ಉಗ್ರಾಣದಲ್ಲಿ, ಅಕ್ಕಿಮೂಟೆಗಳ ಸಂದಿಯಲ್ಲಿ ಉಡುತ್ತಿದ್ದ. ಒಂದು ದಿನ ಊರಿನಿಂದ ಅವನ ಅಣ್ಣ ಬಂದು ಬೆಲ್ಟು ಬಿಚ್ಚಿದ. ಮರುದಿನ ಬೆಳಿಗ್ಗೆ ಹಿಟ್ಟು ರುಬ್ಬಲು ಸದಿಯ ಇರಲಿಲ್ಲ.

"ಅಣ್ಣನಿಗೆ ಕಾಗದ ಹಾಕಿದ್ದು ಯಾರು?" ಎಂದು ಪೊರ್ಬುಗಳು ಕೇಳಿದರು. ಅವರಿಗೆ ಯಾವಾಗಲೂ ಕೇಳಬಾರದ್ದನ್ನೇ ಕೇಳುವ ಚಟ.

ಯಾರೂ ಉತ್ತರಿಸಲಿಲ್ಲ. ಲೋಕಲ್ ರೈಲಿನಲ್ಲಿ ಚಪ್ಪಾಳೆ ತಟ್ಟುತ್ತ ಬರುವವರಿಗೆ ಹತ್ತು ರೂಪಾಯಿ ಕೊಡುವಾಗ ಭಟ್ಟರು ಮುಖವನ್ನು ಅಷ್ಟು ಹೊತ್ತು ದಿಟ್ಟಿಸುವುದನ್ನು ನಾನು ನೋಡಿದ್ದೇನೆ. ಕೂದಲು ನರೆತವರಾದರೆ ಇನ್ನೂ ಹೆಚ್ಚು ಹೊತ್ತು. ಕನ್ನಡಕದ ನಂಬರು ಏರಿರಬೇಕು ಎಂದುಕೊಂಡಿದ್ದೆ.

ಹೊರಗೆ ಚಪ್ಪಾಳೆ ಕೇಳಿಸಿತು. ಭಾನುವಾರದ ವಸೂಲಿಗೆ ಬಂದ ಮಂಗಳಮುಖಿ ಗಲ್ಲಾದ ಬಳಿ ನಿಂತಿದ್ದಳು. ಮೂವತ್ತು ದಾಟಿರಲಿಕ್ಕಿಲ್ಲ. ಭಟ್ಟರು ಆದರೂ ಮುಖ ನೋಡಿದರು. ನೋಡುತ್ತಲೇ ಇದ್ದದ್ದರಿಂದ ಅವಳು ನಮ್ಮ ಮೇಜಿಗೇ ಬಂದಳು. ಭಟ್ಟರು ಜೇಬಿನಲ್ಲಿ ತಡಕಾಡಿ ಹತ್ತರ ಬದಲು ನೂರರ ನೋಟು ಕೊಟ್ಟರು. ಅವಳಿಗೂ ಆಶ್ಚರ್ಯವಾಗಿರಬೇಕು. ನೋಟನ್ನು ಕಣ್ಣಿಗೊತ್ತಿಕೊಂಡು, ಬಳೆ ತುಂಬಿದ ಕೈಯನ್ನು ಅವರ ಬೋಳುತಲೆಯ ಮೇಲೆ ಇಟ್ಟಳು.

ಭಸ್ಮಾಸುರ ಕಣ್ಣು ಮುಚ್ಚಿ ಕುಳಿತಿದ್ದ.

ಅವಳು ಹೋದ ಮೇಲೂ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಶೀನಣ್ಣ ಪೊರ್ಬುಗಳ ತಟ್ಟೆಯಲ್ಲಿ ಉಳಿದಿದ್ದ ಪಲ್ಯವನ್ನು ದೋಸೆಯೊಳಗೆ ತುಂಬಿ, ಮಡಿಸಿ, ತಟ್ಟೆಯನ್ನು ಭಟ್ಟರ ಕಡೆಗೆ ತಳ್ಳಿದ.

"ಆರಿಹೋಗುತ್ತಿದೆ, ತಿನ್ನು" ಎಂದ.